ಹಾಸನಕ್ಕೆ ಬೆಂಗಳೂರು ರೈಲು ಬಂದದ್ದು 2017ರಲ್ಲೇ?
‘2017ರವರೆಗೆ ಹಾಸನದಿಂದ ಬೆಂಗಳೂರಿಗೆ ರೈಲೇ ಇರಲಿಲ್ಲ, ಒಬ್ಬರೇ ನಾಯಕರು ತಂದುಕೊಟ್ಟರು’ ಎಂಬ ಸಂದೇಶ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಆ ವರ್ಷದ ಮಾರ್ಚ್‌ನಲ್ಲಿ ಶುರುವಾದದ್ದು ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ಹೋಗುವ ನೇರ ಮಾರ್ಗ. ಅದಕ್ಕೂ ಮುಂಚೆ ಅರಸೀಕೆರೆ ಇಲ್ಲವೇ ಮೈಸೂರು ಬಳಸಿಕೊಂಡು ಬೆಂಗಳೂರು ಸೇರಬಹುದಿತ್ತು. ಸುತ್ತು ಜಾಸ್ತಿ ಅಂತ ಬಹಳ ಮಂದಿ ಬಸ್ಸನ್ನೇ ನೆಚ್ಚಿಕೊಂಡಿದ್ದರು, ಅಷ್ಟೇ.

ಇನ್ನು ಹೆಗ್ಗಳಿಕೆಯ ವಿಷಯ. ನೇರ ಮಾರ್ಗ ಮಂಜೂರಾದದ್ದು 1996-97ರಲ್ಲಿ, ಎಚ್‌.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದು ಅವರಿಗೆ ಸಲ್ಲಲೇಬೇಕು. ಆದರೆ ರೈಲು ಓಡುವ ಹೊತ್ತಿಗೆ ರೈಲ್ವೆ ಸಚಿವರಾಗಿದ್ದವರು ಸುರೇಶ್ ಪ್ರಭು. ನಡುವಿನ ಇಪ್ಪತ್ತು ವರ್ಷಗಳಲ್ಲಿ ದೆಹಲಿ, ಬೆಂಗಳೂರು ಎರಡೂ ಕಡೆ ಸರ್ಕಾರಗಳು ಬದಲಾಗಿದ್ದವು. ಈ ತಡದ ಹೊಣೆ ಯಾರದು ಎಂಬುದನ್ನು ಮಾತ್ರ ಯಾವ ಸಂದೇಶವೂ ಕೇಳುತ್ತಿಲ್ಲ.