ಸಮಾಧಿಗೆ ಹೋದವರು ಯಾರು, ಮೈಕ್ ಸಿಕ್ಕಿದ್ದು ಯಾರಿಗೆ?

ಈಸ್ಟರ್ ಹಬ್ಬದ ದಿನ ಸಿಟ್ಟಿನ ಪೋಸ್ಟ್ ಬೇಡ ಅಂತ ಮಧ್ಯಾಹ್ನದ ತನಕ ಸುಮ್ನಿದ್ದೆ. ಊಟ ಆಯಿತು, ನೆಂಟರು ಬಂದು ಹೋದರು, ಸಿಟ್ಟು ಮಾತ್ರ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಒಂದು ಚರ್ಚು. ಹೆಸರು ಬೇಡ. ನಸುಕಿನ ಪ್ರಾರ್ಥನೆ ಚೆನ್ನಾಗಿಯೇ ಆಯಿತು. ಆಮೇಲೆ ದೊಡ್ಡ ಆರಾಧನೆ. ಹೊರಗಿನಿಂದ ಬಂದಿದ್ದ ಬೋಧಕರು ಪರದೆ ಹಾಕಿ, ಪುನರುತ್ಥಾನಕ್ಕೆ, ಅಂದರೆ ಯೇಸು ಸತ್ತು ಎದ್ದುಬಂದದ್ದಕ್ಕೆ, ಪುರಾವೆಗಳನ್ನು ಒಂದೊಂದಾಗಿ ತೋರಿಸಿದರು. ಅದರಲ್ಲಿ ಒಂದು ಪುರಾವೆ, ಯೇಸುವಿನ ಸಮಾಧಿ ಖಾಲಿ ಇದ್ದದ್ದನ್ನು ಮೊದಲು ಕಂಡ ಹೆಂಗಸರು. ಆ ಕಾಲದಲ್ಲಿ ಹೆಣ್ಣಿನ ಸಾಕ್ಷಿಗೆ ಬೆಲೆ ಇರಲಿಲ್ಲ, ಕಥೆ ಕಟ್ಟುವವರು ಹೆಂಗಸರನ್ನು ಮೊದಲ ಸಾಕ್ಷಿ ಮಾಡುತ್ತಿರಲಿಲ್ಲ, ಆದ್ದರಿಂದ ಇದು ನಿಜ ಅಂದರು. ಸಭೆಯವರು ಆಮೆನ್ ಅಂದರು. ನಾನೂ ಅಂದೆ.

ಅದಾದ ಮೇಲೆ ಸಾಕ್ಷಿ ಹೇಳುವ ಸಮಯ, ಅಂದರೆ ದೇವರು ತಮ್ಮ ಬಾಳಲ್ಲಿ ಮಾಡಿದ್ದನ್ನು ಸಭೆಯವರು ಎದ್ದು ಹೇಳುವ ಹೊತ್ತು. ಒಬ್ಬ ಹುಡುಗ ಕೆನಡಾ ವೀಸಾ ಬಂದ ಕಥೆ ಹೇಳಿದ. ಅವನಿಗೆ ಒಳ್ಳೆಯದಾಗಲಿ. ಇನ್ನೊಬ್ಬರು ಮನೆ ಸಾಲ ಮಂಜೂರಾದದ್ದು ಹೇಳಿದರು. ಯಾರೂ ಗಡಿಯಾರ ನೋಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಆಯಿ ಎದ್ದರು. ಬೆಟಗೇರಿ ಕಡೆಯವರು, ಈಗ ಇಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಮೈಕನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು, ದನಿ ಬರಲಿಲ್ಲ. ಪಕ್ಕದವರು ಮೇಲೆತ್ತಿ ಬಾಯಿಗೆ ಹಿಡಿದರು. ಆಯಿ ಹೇಳಿದ್ದು ಇಷ್ಟು: "ನಾ ಆಸ್ಪತ್ರ್ಯಾಗ ಆಯಾ ಇದ್ನಿ. ಸತ್ತೋರ ಮೈ ತೊಳಿಯೋದು ನನ್ನ ಕೆಲಸಾಗಿತ್ತು..."

ಅಷ್ಟರಲ್ಲಿ ಮುಂದಿನಿಂದ ಸನ್ನೆ ಬಂತು. "ಆಯಿ, ಹಬ್ಬದ ದಿನ ಸಂತೋಷದ್ದು ಹೇಳ್ರೀ, ಟೈಮ್ ಆಗೇತಿ." ಮೈಕ್ ಕೊಡುತ್ತಿದ್ದ ಹುಡುಗ ಅದನ್ನು ಆಯಿಯ ಕೈಯಿಂದ ತೆಗೆದುಕೊಂಡ. ಗಾಯನ ತಂಡ ಹಾಡು ಶುರು ಮಾಡಿತು. ಆಯಿ ಸೆರಗು ಸರಿ ಮಾಡಿಕೊಂಡು ಕೂತರು.

ಹೆಂಗಸರ ಸಾಕ್ಷಿಯನ್ನು ಪರದೆ ಮೇಲೆ ಪುರಾವೆಯಾಗಿ ತೋರಿಸಿದ ಸಭೆ, ಎದುರಿಗೆ ಎದ್ದು ನಿಂತ ಹೆಂಗಸಿನ ಸಾಕ್ಷಿಯನ್ನು ಕೇಳಲಿಲ್ಲ. ನನ್ನ ಸಿಟ್ಟು ಇದಕ್ಕೇ.

ಯೇಸುವಿನ ಕಥೆ ಹೇಳುವ ಬೈಬಲಿನ ನಾಲ್ಕು ಪುಸ್ತಕಗಳು, ಸುವಾರ್ತೆಗಳನ್ನೇ ತೆಗೆದು ನೋಡಿ. ಆ ಹೆಂಗಸರು ಸಮಾಧಿಗೆ ಹೋದದ್ದು ಪವಾಡ ನೋಡೋಕೆ ಅಲ್ಲ. ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ ಸುಗಂಧದ್ರವ್ಯ ಕೊಂಡುಕೊಂಡು ಹೋದರು ಅಂತ ಸುವಾರ್ತೆ ಬರೆದ ಮಾರ್ಕ ಹೇಳುತ್ತಾನೆ. ಸತ್ತ ದೇಹಕ್ಕೆ ಹಚ್ಚಬೇಕಿತ್ತು. ಹೆಣದ ಕೆಲಸಕ್ಕೆ ಹೋದವರು ಅವರು. ದಾರಿಯಲ್ಲಿ ಅವರ ಚಿಂತೆ, ಬಾಗಿಲ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಅನ್ನೋದು. ಅರಿಮಥಾಯದ ಯೋಸೇಫ ದೇಹವನ್ನು ಕೇಳಿ ಪಡೆದು ಇಟ್ಟಿದ್ದ, ಅದನ್ನು ಮರೆಯಬಾರದು. ಆದರೆ ಶಿಷ್ಯರು? ಆ ಸಂಜೆಯೂ ಹೆದರಿ ಬಾಗಿಲು ಮುಚ್ಚಿಕೊಂಡು ಕೂತಿದ್ದರು. ಹೆಂಗಸರು ಬಂದು ಹೇಳಿದಾಗ ಅದು ಅವರಿಗೆ ಬರೀ ಹರಟೆ ಅನ್ನಿಸಿತು, ನಂಬಲಿಲ್ಲ. ಇದನ್ನು ಬರೆದವನು ಇನ್ನೊಬ್ಬ ಸುವಾರ್ತೆಗಾರ ಲೂಕ. ಮೊದಲ ಈಸ್ಟರ್ ದಿನ ಮೊದಲ ಸಾಕ್ಷಿಗೆ ಸಿಕ್ಕ ಉತ್ತರ ಅದು. ಇವತ್ತು ನಮ್ಮ ಸಭೆ ಕೊಟ್ಟದ್ದೂ ಅದೇ ಉತ್ತರ.

ಸತ್ತ ದೇಹವನ್ನು ಬಿಟ್ಟು ಓಡದವರಿಗೆ ಎದ್ದುಬಂದ ಸುದ್ದಿ ಮೊದಲು ಸಿಕ್ಕಿತು. ಅದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಕಾಮೆಂಟಿನಲ್ಲಿ ಬರುವ ಮಾತು ನನಗೆ ಗೊತ್ತು. "ಪುರಾವೆ ಬೇಡವಾ? ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ನಂಬಿಕೆ ವ್ಯರ್ಥ ಅಂತ ಪೌಲನೇ ಬರೆದಿದ್ದಾನಲ್ಲ?" ಹೌದು, ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಬರೆದಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ, ಕ್ರಿ.ಶ. 55ರ ಸುಮಾರಿನದು. ಕಂಡವರ ಪಟ್ಟಿಯನ್ನೂ ಕೊಟ್ಟಿದ್ದಾನೆ. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಜಾಸ್ತಿ ಸಹೋದರರು, ಯಾಕೋಬ, ಕೊನೆಗೆ ತಾನು. ಅದರಲ್ಲಿ ಮಗ್ದಲದ ಮರಿಯಳ ಹೆಸರಿಲ್ಲ. ನಾಲ್ಕೂ ಸುವಾರ್ತೆಗಳು ಮೊದಲು ಹೇಳುವ ಹೆಸರು ಆ ಪಟ್ಟಿಯಲ್ಲಿ ಇಲ್ಲ! ಹೆಣ್ಣಿನ ಸಾಕ್ಷಿಯನ್ನು ಒಪ್ಪಬಾರದು ಅಂತ ಅದೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಕ್ರೈಸ್ತ ಧರ್ಮವನ್ನು ಟೀಕಿಸಿದ ಎರಡನೇ ಶತಮಾನದ ತತ್ವಜ್ಞಾನಿ ಸೆಲ್ಸಸ್ ಪುನರುತ್ಥಾನದ ಸುದ್ದಿಯನ್ನು ಒಬ್ಬ ಹುಚ್ಚು ಹಿಡಿದ ಹೆಂಗಸಿನ ಮಾತು ಅಂತ ಹೀಯಾಳಿಸಿದ. ಪುರಾವೆಗೆ ನನ್ನ ತಕರಾರಿಲ್ಲ. ಹುಡುಗರು ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು. ಆದರೆ ವಾದ ಗೆದ್ದ ಕೂಡಲೇ ಸಾಕ್ಷಿಯನ್ನು ಮನೆಗೆ ಕಳಿಸೋಕೆ ಚರ್ಚು ಕೋರ್ಟಲ್ಲ.

"ಈಗ ಕಾಲ ಬದಲಾಗಿದೆ" ಅನ್ನುವವರೂ ಇದ್ದಾರೆ. 2013ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪುಷ್ಪ ಲಲಿತಾ ಅವರನ್ನು ಆಂಧ್ರದ ನಂದ್ಯಾಲದ ಬಿಷಪ್ ಮಾಡಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಮಗ್ದಲದ ಮರಿಯಳ ಜುಲೈ 22ರ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿದರು. ಎರಡೂ ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ. ಆದರೆ ಅದರಿಂದ ಹಿಂದಿನ ಬೆಂಚಿನ ಆಯಿಗೆ ಎರಡು ನಿಮಿಷ ಸಿಕ್ಕಿತಾ? ಇಲ್ಲ.

ನಮ್ಮ ಕಡೆ ಈ ಸುವಾರ್ತೆ ಹೇಗೆ ಬೇರು ಬಿಟ್ಟಿತು ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಧಾರವಾಡದಲ್ಲಿ ಆ ಮಿಷನ್ನಿನ ಹೆಬಿಕ್ ಹೆಸರಿನ ಚರ್ಚಿದೆ, ಕಿಟೆಲ್ ಹೆಸರಿನ ಕಾಲೇಜಿದೆ. ಇರಲಿ, ಇರಬೇಕು. ಆದರೆ ಮನೆ ಮನೆಗೆ ನಡೆದು, ಒಲೆ ಮುಂದೆ ಕೂತು ಬೈಬಲಿನ ವಚನ ಓದಿ ಹೇಳಿದವರು ಬೈಬಲ್ ಹೆಂಗಸರು. ಬಾಣಂತಿ ಕೋಣೆಗೆ, ಹೆಣ ಮಲಗಿಸಿದ ಪಡಸಾಲೆಗೆ ಹೋಗಿ ಕೂತವರು ಇಂಥ ಆಯಿಗಳು. ನಮ್ಮ ಎಷ್ಟೋ ಮನೆಗಳಲ್ಲಿ ನಂಬಿಕೆ ಉಳಿದದ್ದು ಅವರಿಂದ.

ಆಯಿಯ ಮಾತಿಗೆ ನಾನು ಯಾಕೆ ಇಷ್ಟು ಹಚ್ಚಿಕೊಂಡೆ ಅಂತ ಹೇಳಿಬಿಡುತ್ತೇನೆ. ನನ್ನ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ನೌಕರಿಯಲ್ಲಿ ಇದ್ದಾಗಲೇ ತೀರಿಕೊಂಡರು. ಮನೆಗೆ ಬಂದವರೆಲ್ಲ "ದೇವರ ಚಿತ್ತ" ಅಂದು ಹೋದರು. ಸ್ನಾನ ಮಾಡಿಸುವಾಗ ಒಬ್ಬ ಮುದುಕಿ ಅಪ್ಪನ ಕೈ ತೊಡೆ ಮೇಲೆ ಇಟ್ಟುಕೊಂಡು, ಉಗುರಿನ ಸಂದಿಯ ಗ್ರೀಸನ್ನು ಬೆಂಕಿಕಡ್ಡಿಯಿಂದ ಒಂದೊಂದೇ ಬೆರಳಲ್ಲಿ ತೆಗೆದರು. ಅವಸರ ಮಾಡಲಿಲ್ಲ. ಬದುಕಿರುವವರ ಕೈಯನ್ನು ಹಿಡಿದ ಹಾಗೆಯೇ ಹಿಡಿದಿದ್ದರು. ಎದ್ದುಬಂದ ಯೇಸು ಶಿಷ್ಯರಿಗೆ ತೋರಿಸಿದ್ದು ಕೈಗಳನ್ನು. ಮೊಳೆಯ ಗಾಯ ಹಾಗೇ ಇತ್ತು. ಆಮೇಲೆ ತಿನ್ನೋಕೆ ಏನಾದರೂ ಇದೆಯಾ ಅಂತ ಕೇಳಿ, ಅವರು ಕೊಟ್ಟ ಸುಟ್ಟ ಮೀನು ತಿಂದ. ಆತ್ಮ ಮೇಲೆ ಹೋಯಿತು, ದೇಹ ಮಣ್ಣಾಯಿತು, ಮುಗಿಯಿತು ಅನ್ನುವ ಸಮಾಧಾನ ನನಗೆ ಸಾಲುವುದಿಲ್ಲ. ನನಗೆ ಅಪ್ಪನ ಆ ಕೈ ಬೇಕು. ಆ ಕೈಯನ್ನೂ ದೇವರು ಎಬ್ಬಿಸುತ್ತಾನೆ ಅನ್ನುವುದೇ ನನ್ನ ನಂಬಿಕೆ. ಇದನ್ನು ನನಗೆ ಕಲಿಸಿದ್ದು ಯಾವ ಪುರಾವೆಯೂ ಅಲ್ಲ, ಕೈ ತೊಳೆದ ಆ ಮುದುಕಿ.

ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಆಯಿಯನ್ನು ಹಿಡಿದು ನಿಲ್ಲಿಸಿ, ಏನು ಹೇಳಬೇಕಂತಿದ್ರಿ ಅಂತ ಕೇಳಿದೆ. "ಏನಿಲ್ಲವ್ವಾ. ಸತ್ತೋರು ಹೆಂಗ ಇರತಾರ ನಂಗ ಗೊತ್ತೈತಿ. ಎಷ್ಟ್ ತಣ್ಣಗ ಇರತಾರ, ಎಷ್ಟ್ ಭಾರ ಆಗತಾರ, ಎಲ್ಲಾ ಗೊತ್ತೈತಿ. ಆದ್ರೂ ನಾ ನಂಬೇನಿ. ಅಷ್ಟ ಹೇಳಬೇಕಂತ ಎದ್ದಿದ್ನಿ."

ಸಾವನ್ನು ಕೈಯಾರೆ ಮುಟ್ಟಿ ಗೊತ್ತಿರುವವರ ಬಾಯಿಂದ "ಆದ್ರೂ ನಂಬೇನಿ". ಇವತ್ತು ಆ ಸಭೆ ಕೇಳಬೇಕಾಗಿದ್ದ ಈಸ್ಟರ್ ಪ್ರಸಂಗ ಅದು. ಹೇಳಿ ಮುಗಿಸೋಕೆ ಒಂದು ನಿಮಿಷ ಸಾಕಿತ್ತು.

ಸೆಕ್ರೆಟರಿಯವರಿಗೆ ಆಗಲೇ ಫೋನ್ ಮಾಡಿದ್ದೇನೆ. ಬರುವ ಭಾನುವಾರ ಸಾಕ್ಷಿ ಸಮಯದಲ್ಲಿ ಮೊದಲ ಹೆಸರು ಆಯಿಯದು ಬರೆಯಿರಿ ಅಂದೆ. ನೋಡೋಣ ಅಂದಿದ್ದಾರೆ. ನೋಡೋಣ ಅಂದರೆ ಸಾಲದು, ಬರೆಯಿರಿ. ಮೈಕ್ ತೆಗೆದುಕೊಂಡ ಹುಡುಗ ಇದನ್ನು ಓದುತ್ತಾನೆ ಅಂತ ಗೊತ್ತು. ತಮ್ಮಾ, ನಿನಗೆ ಮೇಲಿನಿಂದ ಸನ್ನೆ ಬಂತು, ನೀನು ಹಾಗೆ ಮಾಡಿದೆ. ಬರುವ ಭಾನುವಾರ ಆಯಿಯ ಪಕ್ಕದಲ್ಲಿ ನಿಂತು ಮೈಕನ್ನು ಅವರ ಬಾಯಿಯ ಹತ್ತಿರ ನೀನೇ ಹಿಡಿ. ಯಾರು ಸನ್ನೆ ಮಾಡಿದರೂ ಕೊಡಬೇಡ.