ಉತ್ಸವಮೂರ್ತಿ ಟಿವಿ

ನಮ್ಮ ಆರ್‌ವಿಯ, ಅಂದರೆ ಮನೆಯಂಥ ಗಾಡಿಯ, ಗೋಡೆ ಒಂದೂವರೆ ಇಂಚು ದಪ್ಪ. ಅದರ ಹೊರಮೈಗೆ ಟಿವಿ ಸಿಕ್ಕಿಸಲೆಂದು ಇವರು ಡ್ರಿಲ್ಲಿಗೆ ಹಾಕಿದ ಬಿಟ್ ಮೂರು ಇಂಚು ಉದ್ದ. ಉಳಿದ ಒಂದೂವರೆ ಇಂಚು ಎಲ್ಲಿಗೆ ಹೋಯಿತೆಂದರೆ, ಒಳಗಿನ ಕಪಾಟಿನಲ್ಲಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣದೊಳಕ್ಕೆ. ಅಮ್ಮ ದಾವಣಗೆರೆಯಿಂದ ಕಳುಹಿಸಿದ ಚಟ್ನಿಪುಡಿ. ಬಿಟ್ ಹೊರಗೆಳೆದಾಗ ಅದರ ತುದಿ ಕೆಂಪಗಿತ್ತು. “ತುಕ್ಕು ಇರಬೇಕು” ಎಂದರು ಇವರು. ಮೂಗು ಇರುವ ಯಾರೂ ಆಡುವ ಮಾತಲ್ಲ ಅದು. ಗೋಡೆಯ ಪುಡಿ ಬೆರೆತ ಅಷ್ಟೂ ಚಟ್ನಿಪುಡಿ ಕಸದ ಬುಟ್ಟಿ ಸೇರಿತು.

ನ್ಯೂಜೆರ್ಸಿಯಲ್ಲಿ ಹದಿನಾಲ್ಕು ವರ್ಷ ದುಡಿದ ಮೇಲೆ ಇವರಿಗೆ ಹುಟ್ಟಿದ ಆಸೆ ಈ ಸೆಕೆಂಡ್ ಹ್ಯಾಂಡ್ ಆರ್‌ವಿ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊತ್ತು ಓಡುವ ಗಾಡಿ. ಪ್ರಕೃತಿಯ ಮಡಿಲಿಗೆ ಹೋಗೋಣ ಎಂದು ಅದನ್ನು ಕೊಂಡರು. ಮರುವಾರವೇ ಆ ಮಡಿಲಿನಲ್ಲಿ ಟಿವಿ ಇಲ್ಲವಲ್ಲ ಎಂಬ ಕೊರಗು ಹತ್ತಿತು. ಒಳಗೆ ಒಂದು ಪುಟ್ಟ ಟಿವಿ ಇದೆ, ಅದು ಲೆಕ್ಕಕ್ಕಿಲ್ಲ. ಗಾಡಿಯ ಮಗ್ಗುಲಿಗೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರದಡಿ ಕುರ್ಚಿ ಹಾಕಿಕೊಂಡು ನೋಡಬೇಕಂತೆ. 2024ರ ಜೂನ್ 9, ಭಾನುವಾರ, ನ್ಯೂಯಾರ್ಕಿನಲ್ಲಿ ಟಿ20 ವಿಶ್ವಕಪ್‌ನ ಭಾರತ–ಪಾಕಿಸ್ತಾನ ಪಂದ್ಯ. ಟಿಕೆಟ್ಟಿನ ಬೆಲೆ ಕೇಳಿದ ಮೇಲೆ ಪೆನ್ಸಿಲ್ವೇನಿಯಾದ ಪೊಕೊನೊ ಗುಡ್ಡಗಳೇ ಚೆಂದವೆನ್ನಿಸಿದವು.

ಏರ್ಪಾಡು ಹೇಳಲಿಕ್ಕೆ ಸುಲಭ. ಗೋಡೆಗೊಂದು ಕಬ್ಬಿಣದ ತಟ್ಟೆ, ಟಿವಿಯ ಬೆನ್ನಿಗೊಂದು. ಬೇಕಾದಾಗ ಸಿಕ್ಕಿಸುವುದು, ರಾತ್ರಿ ಕಳ್ಳರಿಗೂ ಇಬ್ಬನಿಗೂ ಹೆದರಿ ಕಳಚಿ ಒಳಗೊಯ್ಯುವುದು. ದೇವಸ್ಥಾನದ ಉತ್ಸವಮೂರ್ತಿಯ ಹಾಗೆ. ಆದರೆ ಸ್ಕ್ರೂ ಕಚ್ಚಿಕೊಳ್ಳಲು ಗೋಡೆಯಲ್ಲಿ ಏನಾದರೂ ಇರಬೇಕಲ್ಲ? ಹೊರಗೆ ಫೈಬರ್ ಗ್ಲಾಸ್, ಒಳಗೆ ತೆಳು ಪ್ಲೈವುಡ್, ನಡುವೆ ಥರ್ಮೋಕೋಲಿನಂಥ ಫೋಮ್, ಅಲ್ಲೊಂದು ಇಲ್ಲೊಂದು ಅಲ್ಯೂಮಿನಿಯಂ ಪಟ್ಟಿ. ಆ ಪಟ್ಟಿಯನ್ನು ಹುಡುಕಲು ಇವರು ತೆಂಗಿನಕಾಯಿ ಆರಿಸುವವರ ಹಾಗೆ ಗೋಡೆಯನ್ನು ಕುಟ್ಟಿ ಕುಟ್ಟಿ ಕಿವಿಗೊಟ್ಟರು. “ಇಲ್ಲಿ ಗಟ್ಟಿ ಇದೆ” ಎಂದ ಕಡೆ ಚಟ್ನಿಪುಡಿ ಇತ್ತು. ಎರಡನೆಯ ತೂತು ಬರೀ ಫೋಮಿಗೆ. ಆಮೇಲಿನವು ಹೇಗೋ ಕೂತವು, ಬಾಗಿಲ ಪಕ್ಕದಲ್ಲಿ. ಮೊದಲೆರಡಕ್ಕೆ ಮಳೆನೀರು ಇಳಿಯದಂತೆ ಸಿಲಿಕೋನ್ ಮೆತ್ತಿದ್ದಾರೆ. ಗಾಡಿಗೆ ಸಿಡುಬು ಎದ್ದುಹೋದಂತಿದೆ.

ಬಾಗಿಲ ಪಕ್ಕದಲ್ಲಿ ಎಂದೆನಲ್ಲ, ಆ ಬಾಗಿಲು ತೆರೆಯುವುದು ಹೊರಕ್ಕೆ. ಅಂದರೆ ಟಿವಿಯ ಮೇಲೆ. ಯಾರೇ ಒಳಗೆ ಹೋಗಲಿ, ಹೊರಗೆ ಬರಲಿ, ಮೊದಲು ಉತ್ಸವಮೂರ್ತಿಯನ್ನು ಇಳಿಸಬೇಕು.

ಪಂದ್ಯದ ದಿನ ನ್ಯೂಯಾರ್ಕಿನಲ್ಲಿ ಮಳೆ ಬಂದು ಆಟ ತಡವಾಯಿತು. ನಮ್ಮಲ್ಲಿ ಕಣ್ಣು ಕುಕ್ಕುವ ಬಿಸಿಲು. ಮನೆಯೊಳಗಿನ ಟಿವಿ ಸೂರ್ಯನ ಮುಂದೆ ಮಿಂಚುಹುಳ. ಹೊರಗಿಡುವ ಟಿವಿಗಳೇ ಬೇರೆ ಇವೆಯಂತೆ, ಬೆಲೆ ಕೇಳಬಾರದು. ಪರದೆಯಲ್ಲಿ ಸ್ಪಷ್ಟವಾಗಿ ಕಂಡದ್ದು ಕುರ್ಚಿಯ ಮೇಲೆ ಸಾಲಾಗಿ ಕೂತ ನಾವು ನಾಲ್ವರೇ. ಭಾರತ 119ಕ್ಕೆ ಆಲೌಟ್ ಆದದ್ದನ್ನು ನಮ್ಮ ನಮ್ಮ ಮುಖಗಳಲ್ಲೇ ನೋಡಿದೆವು. ಆಮೇಲೆ ನಾನೇ ಕಂಬಳಿ ತಂದು ಮರೆ ಕಟ್ಟಿದೆ. ಬುಮ್ರಾ ಕಂಡದ್ದು ನನ್ನ ಕಂಬಳಿಯಿಂದ, ಇವರ ಡ್ರಿಲ್ಲಿನಿಂದಲ್ಲ.

ಕೊನೆಯ ಓವರ್. ಪಾಕಿಸ್ತಾನಕ್ಕೆ 18 ರನ್ ಬೇಕು. ಒಳಗಿನಿಂದ ಮಗ ಬಾಗಿಲು ಬಡಿದ: “ಅಪ್ಪಾ, ತೆಗಿ!” ಯಾವ ಗಳಿಗೆಯಲ್ಲಿ ಬಚ್ಚಲಿಗೆ ಹೋಗಬೇಕು ಎಂಬ ವಿವೇಕ ಅವನಿಗೆ ತಂದೆಯ ಕಡೆಯಿಂದ ಬಂದಿದೆ. ಇವರು ಚಂಗನೆ ಎದ್ದು ಟಿವಿಯನ್ನು ಕಳಚಿ ಎದೆಗವಚಿಕೊಂಡರು, ಪರದೆ ನಮ್ಮ ಕಡೆಗೆ. ಮಗ ಹೊರಬಂದು ನನ್ನ ಪಕ್ಕದಲ್ಲಿ ಕೂತ. ಇವರು ಟಿವಿಯನ್ನು ಮರಳಿ ಸಿಕ್ಕಿಸಲು ತಿರುಗಿದ್ದೇ ತಡ, “ಅಲ್ಲಾಡಬೇಡಿ!” ಎಂದು ಮೂವರೂ ಕೂಗಿದೆವು. ಸರಿ, ನಿಂತರು. ಕೊರಳಿಗೆ ವೈರು, ತಲೆಗೆ ನನ್ನ ಕಂಬಳಿ. ಅರ್ಷದೀಪ್‌ನ ಮೊದಲ ಎಸೆತಕ್ಕೇ ಇಮಾದ್ ವಾಸಿಂ ಔಟ್. ನಾವು ಕುಣಿದೆವು. “ಏನಾಯಿತು?” ಎಂದರು ಟಿವಿಯ ಹಿಂದಿನಿಂದ. ಹೇಳಲು ಯಾರಿಗೆ ಪುರಸೊತ್ತು? ನಸೀಂ ಶಾ ಒಂದರ ಹಿಂದೊಂದು ಎರಡು ಬೌಂಡರಿ ಹೊಡೆದ; ನಾವು ತಲೆ ಮೇಲೆ ಕೈ ಹೊತ್ತೆವು. “ಅಯ್ಯೋ, ಏನಾಯಿತು ಹೇಳ್ರೇ!” ಆರು ರನ್‌ಗಳಿಂದ ಗೆದ್ದೆವು. ಗೆದ್ದದ್ದು ಇವರಿಗೆ ಗೊತ್ತಾದದ್ದು ಮಗಳು ಓಡಿಬಂದು ಟಿವಿಸಮೇತ ತಬ್ಬಿಕೊಂಡಾಗ.

ನಗು ತಡೆಯಲಾಗಲಿಲ್ಲ. ನಗುತ್ತಿದ್ದಂತೆಯೇ ಯಾಕೋ ಅಪ್ಪ ನೆನಪಾದರು. 1996ರ ಮಾರ್ಚ್ 9, ಬೆಂಗಳೂರಿನಲ್ಲಿ ವಿಶ್ವಕಪ್‌ನ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಬೀದಿಯವರೆಲ್ಲ ನೋಡಲೆಂದು ಅಪ್ಪ ಟಿವಿಯನ್ನು ಜಗಲಿಗೆ ತಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಒಂದು ಸ್ಕ್ರೂ ಇಲ್ಲ, ಒಂದು ತೂತಿಲ್ಲ. ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ಸ್ಟಂಪ್ ಹಾರಿಸಿದಾಗ ಬೀದಿಗೆ ಬೀದಿಯೇ ಎದ್ದು ನಿಂತಿತ್ತು. ಅಪ್ಪ ಆಗ ಮಾಳಿಗೆಯ ಮೇಲೆ ಆಂಟೆನಾ ಹಿಡಿದುಕೊಂಡಿದ್ದರು. “ಏನಾಯಿತೋ?” ಎಂದು ಅವರು ಮೇಲಿನಿಂದ ಕೂಗುತ್ತಲೇ ಇದ್ದರು.

ರಾತ್ರಿ ಟಿವಿಯನ್ನು ಕಳಚಿದ್ದಾಯಿತು. ಒಳಗೆ ಎಲ್ಲಿಡುವುದು ಎಂದು ಯಾರೂ ಯೋಚಿಸಿರಲಿಲ್ಲ. ಪರದೆಗೆ ಗೀರು ಬೀಳಬಾರದೆಂದು ಇವರು ಅದನ್ನು ನನ್ನ ಹಾಸಿಗೆಯಲ್ಲಿ, ನನ್ನ ದಿಂಬಿಗೆ ಒರಗಿಸಿ, ನನ್ನ ಕಂಬಳಿಯನ್ನೇ ಹೊದಿಸಿ ಮಲಗಿಸಿದರು. ಆಮೇಲೆ ಅದರ ಪಕ್ಕದಲ್ಲಿ ಒಂದು ಗೇಣು ಜಾಗದಲ್ಲಿ ಮುದುಡಿಕೊಂಡು, ಮೊಬೈಲಿನಲ್ಲಿ ಕೊನೆಯ ಓವರ್ ಹಾಕಿಕೊಂಡರು.