ಹಿಮದ ಮೇಲಿನ ಆ ದೊಡ್ಡ ಹೆಜ್ಜೆ ಯಾರದು?

ಹಿಮಾಲಯದಲ್ಲಿ ಯೇತಿ, ಅಂದರೆ ಕಥೆಗಳಲ್ಲಿ ಬರುವ ದೈತ್ಯ ಹಿಮಮಾನವ, ಇರುವುದು ಡಿಎನ್‌ಎಯಿಂದಲೇ ಸಾಬೀತಾಗಿದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಜೊತೆಗೊಂದು ದೊಡ್ಡ ಹೆಜ್ಜೆಯ ಫೋಟೋ. ನಿಜ ಅಂದ್ರೆ ಆಗಿದ್ದು ಉಲ್ಟಾ. ಯೇತಿಯದ್ದೆಂದು ಜನ ಕಾಪಾಡಿಕೊಂಡು ಬಂದಿದ್ದ ಕೂದಲು, ಮೂಳೆ, ಚರ್ಮ ಹೀಗೆ 9 ಮಾದರಿಗಳ ಡಿಎನ್‌ಎ ಪರೀಕ್ಷೆಯ ವರದಿ 2017ರಲ್ಲಿ ಬಂತು. 8 ಕರಡಿಯವು, ಒಂದು ನಾಯಿಯದು!

ಮತ್ತೆ ಆ ಹೆಜ್ಜೆ? ಕರಡಿ ನಡೆಯುವಾಗ ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬೀಳುವುದುಂಟು. ಎರಡೂ ಸೇರಿ ಉದ್ದನೆಯ ಒಂದೇ ಪಾದದಂತೆ ಕಾಣುತ್ತದೆ. ಬಿಸಿಲಿಗೆ ಹಿಮ ಕರಗಿದರೆ ಇನ್ನೂ ಅಗಲ. ನೋಡಿದವರು ಬೆಚ್ಚಿದರೆ ತಪ್ಪೇನಿಲ್ಲ, ನಾನಾದರೂ ಬೆಚ್ಚುತ್ತಿದ್ದೆ.

ಇಂಥ ಫೋಟೋ ಬಂದರೆ ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಯಾವಾಗ, ಎಲ್ಲಿ ಬಂದಿತ್ತು ನೋಡಿ. ಪಕ್ಕದಲ್ಲಿ ಅಳತೆಗೆ ಏನಾದರೂ ಇದೆಯಾ? ‘ವಿಜ್ಞಾನಿಗಳು ಹೇಳಿದ್ದಾರೆ’ ಎಂದಿದ್ದರೆ ಯಾರು, ಯಾವ ವರ್ಷ ಅಂತ ಹುಡುಕಿ.